ಇನ್ನೊಂದು ಸುತ್ತು

ನಮ್ಮ ಮಾವನವರು ಮುಚ್ಚಳ ಹಾಕಿದ ಉಪ್ಪಿನಕಾಯಿ ಬಾಟಲಿಯನ್ನು ತೆಗೆಯಲು ಮಾವನವರೇ ಬರಬೇಕು. ಅವರು ಊರಿಗೆ ಹೋದ ವಾರವೆಲ್ಲ ನಮಗೆ ಚಟ್ನಿಪುಡಿಯೇ ಗತಿ. ಕುಕ್ಕರಿನ ಹಿಡಿಯಿರಲಿ, ಕನ್ನಡಕದ ಸ್ಕ್ರೂ ಇರಲಿ, ಅವರ ಕೈ ಬೇಕಾದ್ದಕ್ಕಿಂತ ಒಂದು ಸುತ್ತು ಹೆಚ್ಚು ಕೊಟ್ಟೇ ತೀರುತ್ತದೆ.

ತಪ್ಪು ಅವರದಲ್ಲ, ಕಬ್ಬಿಣದ್ದು. ಅವರು ಮನೆ ಕಟ್ಟಿಸಿದ್ದು ಜಿಐ ಪೈಪಿನ ಕಾಲದಲ್ಲಿ. ಥ್ರೆಡ್ಡಿಗೆ ದಾರ ಸುತ್ತಿ, ಸಫೇದ ಬಳಿದು, ರೆಂಚಿಗೆ ಜೋತುಬಿದ್ದು ತಿರುಗಿಸಿದಷ್ಟೂ ಜಾಯಿಂಟು ಗಟ್ಟಿ. ಆ 18 ಇಂಚಿನ ರೆಂಚು ಈಗಲೂ ಅವರ ಮಂಚದ ಕೆಳಗಿದೆ. ಆಯುಧಪೂಜೆಯಲ್ಲಿ ಮೊದಲ ಕುಂಕುಮ ಅದಕ್ಕೆ, ಆಮೇಲೆ ಕಾರಿಗೆ.

ಕಳೆದ ವರ್ಷ ಬಚ್ಚಲುಮನೆ ಹೊಸದು ಮಾಡಿಸಿದೆವು. ಕೆನೆಬಣ್ಣದ ಸಿಪಿವಿಸಿ ಪೈಪು ಬಂತು. ಮಾವ ಒಂದು ತುಂಡು ಎತ್ತಿ ನೋಡಿ, “ಇದೇನಿದು, ಜಾತ್ರೆ ಪೀಪಿ ಇದ್ದಂಗಿದೆ!” ಎಂದರು. ಆ ಪೀಪಿ ಗೀಸರಿನ ಬಿಸಿನೀರನ್ನೂ ತಾಳುತ್ತದೆ ಎಂದರೆ ನಂಬಲಿಲ್ಲ. ಅಂಟು ಹಚ್ಚಿ, ಒಳಗೆ ತಳ್ಳಿ, ಕಾಲು ಸುತ್ತು ತಿರುಗಿಸಿ, 30 ಸೆಕೆಂಡು ಅಲುಗಾಡದೆ ಹಿಡಿದಿರಬೇಕು, ಆಮೇಲೆ ಮುಟ್ಟುವಂತಿಲ್ಲ ಎಂದ ಪ್ಲಂಬರ್ ಹುಡುಗ. ಮುಟ್ಟುವಂತಿಲ್ಲ ಎಂಬ ಮಾತು ಕೇಳಿದ ಮಾವ ಮುಖ ಸಣ್ಣ ಮಾಡಿಕೊಂಡು ಕಾಫಿ ಕುಡಿಯಲು ಹೋದರು. ನಲ್ಲಿ ಕೂರುವ ಜಾಗಕ್ಕೆ ಹಿತ್ತಾಳೆ ಥ್ರೆಡ್ಡಿನ ಎಲ್ಬೋ ಹಾಕೋಣ ಎಂದು ಅವನು ಕೇಳಿದಾಗ ಮಾತ್ರ ಒಳಗಿನಿಂದಲೇ ಉತ್ತರ ಬಂತು: “ದುಬಾರಿ. ಪ್ಲಾಸ್ಟಿಕ್ಕಿಂದೇ ಸಾಕು.”

ಟೈಲ್ಸ್ ಮುಗಿದ ಮೇಲೆ ನಲ್ಲಿ ಕೂರಿಸುವ ದಿನ ಹುಡುಗ ಬರಲಿಲ್ಲ. “ನಲ್ಲಿ ತಿರುಗಿಸೋಕೂ ಪ್ಲಂಬರ್ ಬೇಕೇನ್ರೀ?” ಎಂದು ಮಾವ ಪಂಚೆ ಎತ್ತಿ ಕಟ್ಟಿದರು.

ಟೆಫ್ಲಾನ್ ಟೇಪನ್ನು ಲೆಕ್ಕವಿಟ್ಟು ಸುತ್ತುವ ಅಭ್ಯಾಸ ಅವರಿಗಿಲ್ಲ. ರೋಲು ಮುಗಿದಾಗ ಸುತ್ತುವುದೂ ಮುಗಿಯುತ್ತದೆ. ಬ್ಯಾಂಡೇಜು ಕಟ್ಟಿಸಿಕೊಂಡ ಹೆಬ್ಬೆರಳಿನಂತಾದ ನಲ್ಲಿಯನ್ನು ಎಲ್ಬೋ ಒಳಗೆ ತುರುಕಿ ತಿರುಗಿಸಿದರು. ಬಿಗಿಯಾಯಿತು. ಆದರೆ ನಲ್ಲಿಗಳಿಗೊಂದು ಹಾಳು ಸ್ವಭಾವ: ಸರಿಯಾಗಿ ಬಿಗಿಯಾದ ಹೊತ್ತಿಗೆ ಮೂತಿ ಪಕ್ಕದ ಗೋಡೆಗೆ ತಿರುಗಿರುತ್ತದೆ. ಹಿಂದಕ್ಕೆ ತಿರುಗಿಸಿದರೆ ಟೇಪು ಸಡಿಲಗೊಂಡು ಸೋರುತ್ತದೆ. ಬಿಚ್ಚಿ, ಟೇಪಿನ ಲೆಕ್ಕ ಬದಲಿಸಿ, ಮತ್ತೆ ಕೂರಿಸಬೇಕು. ಮಾವ ಬಿಚ್ಚುವ ವಂಶದವರಲ್ಲ. ಮಂಚದ ಕೆಳಗಿನಿಂದ ರೆಂಚು ಹೊರಟಿತು.

“ಇನ್ನೊಂದೇ ಸುತ್ತು.”

ಮೂತಿ ಕೆಳಗೆ ಬಂತು. ಒಂದು ಹನಿಯೂ ಸೋರಲಿಲ್ಲ. ಇಡೀ ಸಂಜೆ ಬಂದವರಿಗೆಲ್ಲ ಬಚ್ಚಲುಮನೆ ತೋರಿಸಿದ್ದಾಯಿತು.

ಪ್ಲಾಸ್ಟಿಕ್ಕು ಕಬ್ಬಿಣದಂತೆ ಆ ಕ್ಷಣವೇ ಜಗಳಕ್ಕೆ ಬರುವುದಿಲ್ಲ, ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ. ಕೂದಲೆಳೆಯಷ್ಟು ಬಿರುಕು ಮೂರನೆಯ ದಿನ ಬಾಯಿ ಬಿಟ್ಟಿತು, ಅದೂ ಟೈಲ್ಸ್ ಹಿಂದೆ. ಗೋಡೆಯ ಆಚೆ ದೇವರಮನೆ. ಲಕ್ಷ್ಮಿಯ ಪಟದ ಕೆಳಗೆ ತೇವ ಕಂಡು ಅತ್ತೆ ಮೊದಲು ಕೈಮುಗಿದರು, ಆಮೇಲೆ ಗಂಡನನ್ನು ಕರೆದರು.

ಹುಡುಗ ಬಂದು ಟೈಲ್ಸ್ ಒಡೆದು ನೋಡಿದ. “ಯಾರ್ ಸಾರ್ ಇದನ್ನ ಹಾಕಿದ್ದು?” ತನಗಿಂತ ಮುಂಚೆ ಬಂದವನ ಕೆಲಸ ಕಂಡಾಗ ಪ್ರತಿಯೊಬ್ಬ ಪ್ಲಂಬರನೂ ಕೇಳುವ ಪ್ರಶ್ನೆ ಇದು. ಇಲ್ಲಿ ಮಾತ್ರ ಅದಕ್ಕೆ ಉತ್ತರ ಗೊತ್ತಿದ್ದವರು ಎದುರಿಗೇ ನಿಂತು ಸೀಲಿಂಗು ನೋಡುತ್ತಿದ್ದರು. ಹುಡುಗ ಹಿತ್ತಾಳೆಯ ಎಲ್ಬೋ ಹಾಕಿದ, ಮರುದಿನ ಬಂದು ಹತ್ತು ಸುತ್ತು ಟೇಪು ಸುತ್ತಿ, ನಲ್ಲಿಯನ್ನು ಕೈಯಲ್ಲೇ ತಿರುಗಿಸಿ, ಕೊನೆಗೆ ಸಣ್ಣ ಸ್ಪ್ಯಾನರಿನಿಂದ ಒಂದು ಮಿಡಿತ ಕೊಟ್ಟು ಎದ್ದ.

“ಅಷ್ಟೇನಾ?” ಎಂದರು ಮಾವ.

“ಅಷ್ಟೇ ಸಾರ್.”

ರಾತ್ರಿ ಹತ್ತಕ್ಕೆ ಮಂಚದ ಕೆಳಗೆ ಕಬ್ಬಿಣ ನೆಲಕ್ಕೆ ಉಜ್ಜಿದ ಸದ್ದಾಯಿತು. ಅತ್ತೆ ಧಾರಾವಾಹಿಯಿಂದ ಕಣ್ಣು ತೆಗೆಯದೆ, “ಬಕೆಟ್ಟು, ಕೊಡ, ಸಿಕ್ಕಿದ್ದರಲ್ಲೆಲ್ಲ ನೀರು ತುಂಬಿಸಿಟ್ಟುಕೊಳ್ಳಿ” ಎಂದರು.