ಅಶ್ವಶಿಬಿರ ಮೀಮಾಂಸೆ

ಕಾಡಿನಲ್ಲೋ ಸರೋವರದ ದಡದಲ್ಲೋ ಕುದುರೆಯೊಡನೆ ಬೀಡುಬಿಟ್ಟು, ಮನೆಯಲ್ಲಿ ಪುಕ್ಕಟೆ ಸಿಗುವ ಸುಖಗಳನ್ನು ಹಣ ಕೊಟ್ಟು ಕಳೆದುಕೊಳ್ಳುವ ಕ್ರಿಯೆಗೆ ಅಶ್ವಶಿಬಿರವೆಂದು ಹೆಸರು. ಈ ಲಕ್ಷಣದಲ್ಲಿ ಕುದುರೆ, ಮನುಷ್ಯ, ಹಣ ಎಂಬ ಮೂರು ಅಂಗಗಳಿವೆ. ಕುದುರೆ ಇಲ್ಲದಿದ್ದರೆ ಅದು ಬರಿಯ ವನಭೋಜನ. ಮನುಷ್ಯನಿಲ್ಲದಿದ್ದರೆ ಕುದುರೆಗಳು ಲಕ್ಷಾಂತರ ವರ್ಷ ಯಾರ ಅಪ್ಪಣೆಯೂ ಇಲ್ಲದೆ ಮಾಡಿಕೊಂಡು ಬಂದ ಸಹಜ ಸಂಸಾರ. ಹಣ ಖರ್ಚಾಗದಿದ್ದರೆ ಶಿಬಿರ ನಡೆದದ್ದಕ್ಕೇ ಪ್ರಮಾಣವಿಲ್ಲ.

ಈ ಶಾಸ್ತ್ರದ ಕರ್ಮಭೂಮಿ ಅಮೆರಿಕ. ಶಾಲಿಹೋತ್ರನ ಹೆಸರಿನಲ್ಲಿ ಬೆಳೆದ ನಮ್ಮ ಅಶ್ವಶಾಸ್ತ್ರದಲ್ಲಿ ಕುದುರೆಯ ಸುಳಿ, ಬಣ್ಣ, ಹಲ್ಲು, ರೋಗ ಎಲ್ಲದರ ವಿಚಾರವೂ ಇದೆ. ಟ್ರೇಲರನ್ನು ಹಿಂದಕ್ಕೆ ಹೊಡೆದು ಎರಡು ಪೈನ್ ಮರಗಳ ನಡುವೆ ನಿಲ್ಲಿಸುವ ವಿಧಿ ಮಾತ್ರ ಇಲ್ಲ. ಆ ಕೊರತೆಯನ್ನು ಮಿಷಿಗನ್ ರಾಜ್ಯದವರು ತುಂಬಿಕೊಟ್ಟಿದ್ದಾರೆ. ಅಲ್ಲಿ ಹ್ಯೂರನ್ ಸರೋವರದ ದಡದಲ್ಲಿರುವ ಆಸ್ಕೋಡಾದಿಂದ ಮಿಷಿಗನ್ ಸರೋವರದ ದಡದಲ್ಲಿರುವ ಎಂಪೈರ್‌ವರೆಗೆ, ರಾಜ್ಯವನ್ನು ಅಡ್ಡಲಾಗಿ ಸೀಳಿಕೊಂಡು, ಸುಮಾರು 350 ಕಿಲೋಮೀಟರಿನ ಒಂದು ಕುದುರೆದಾರಿ 1960ರ ದಶಕದಿಂದ ಇದೆ. ‘ಶೋರ್ ಟು ಶೋರ್’ ಎಂದು ಅದರ ಹೆಸರು. ಮೆಕಿನ್ಲಿ, ಲುಜರ್ನ್, ಗೂಸ್ ಕ್ರೀಕ್, ಷೆಕ್ಸ್ ಪ್ಲೇಸ್, ಗೇರಿ ಲೇಕ್ ಮೊದಲಾದ ಶಿಬಿರಗಳು ಈ ದಾರಿಯಲ್ಲಿ ಒಂದಾದ ಮೇಲೊಂದು ಬರುತ್ತವೆ. ಹೊರಡುವಾಗ ಕುದುರೆಯ ಗೊರಸನ್ನು ಒಂದು ಸರೋವರದಲ್ಲಿ ಅದ್ದಿ, ತಲುಪಿದ ಮೇಲೆ ಇನ್ನೊಂದರಲ್ಲಿ ಅದ್ದುವುದು ಇಲ್ಲಿನ ಸಂಪ್ರದಾಯ. ಸವಾರನ ಕಾಲಿನ ಬಗ್ಗೆ ಸಂಪ್ರದಾಯ ಏನನ್ನೂ ಹೇಳುವುದಿಲ್ಲ. ಯಾತ್ರೆಯ ಪುಣ್ಯ ಯಾರ ಖಾತೆಗೆ ಜಮೆಯಾಗುತ್ತದೆಂಬುದು ಇದರಿಂದಲೇ ಊಹ್ಯ.

ಶಾಸ್ತ್ರದ ಮುಖ್ಯ ಪ್ರಶ್ನೆಯೂ ಇದೇ: ಅಶ್ವಶಿಬಿರದಲ್ಲಿ ಬೀಡುಬಿಟ್ಟವರು ಯಾರು? ಮನುಷ್ಯನು ಬೀಡುಬಿಟ್ಟವನು, ಕುದುರೆ ಅವನ ವಾಹನ ಎಂಬುದು ಪೂರ್ವಪಕ್ಷ. ಕುದುರೆಯೇ ಬೀಡುಬಿಟ್ಟದ್ದು, ಮನುಷ್ಯ ಅದರ ಪರಿಚಾರಕ ಎಂಬುದು ಸಿದ್ಧಾಂತ. ಪೂರ್ವಪಕ್ಷದವರು ಸಾಮಾನ್ಯವಾಗಿ ಇನ್ನೂ ಮೊದಲ ಶಿಬಿರಕ್ಕೆ ಹೊರಡದವರಾಗಿರುತ್ತಾರೆ.

ಮೊದಲ ಸಾಕ್ಷ್ಯ ವಾಹನದ್ದು. ವಾಹನವಾದದ್ದು ಒಡೆಯನನ್ನು ಹೊರಬೇಕು. ಇಲ್ಲಿಯಾದರೋ ಐನೂರು ಕಿಲೋ ತೂಗುವ ಕುದುರೆಯನ್ನು ಟ್ರೇಲರಿನಲ್ಲಿ ನಿಲ್ಲಿಸಿ, ಜಾರದಂತೆ ಅದರ ಕಾಲಡಿ ರಬ್ಬರು ಹಾಸಿ, ಮುಂದೆ ಹುಲ್ಲಿನ ಬಲೆ ತೂಗುಹಾಕಿ, ಮನುಷ್ಯ ನೂರಾರು ಕಿಲೋಮೀಟರ್ ಹೊತ್ತು ತರುತ್ತಾನೆ. ಸ್ಥಿತಿವಂತರ ಟ್ರೇಲರುಗಳಲ್ಲಿ ಹಿಂಭಾಗ ಕುದುರೆಗೆ, ಮುಂಭಾಗ ಮನುಷ್ಯನ ವಾಸಕ್ಕೆ ಮೀಸಲು. ನಡುವೆ ಒಂದು ತೆಳುಗೋಡೆ. ಶಿಬಿರದ ಜಾಗಕ್ಕೆ ಬಂದ ಮೇಲೆ ಈ ರಥವನ್ನು ಹಿಂದಕ್ಕೆ ಹೊಡೆಯಬೇಕು. ಟ್ರೇಲರಿನ ಬಾಲ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಬೇಕು. ಗಂಡ ಚಕ್ರ ಹಿಡಿದು, ಹೆಂಡತಿ ಹಿಂದೆ ನಿಂತು ಕೈಯಾಡಿಸುವ ಈ ಹೊತ್ತಿನಲ್ಲಿ ‘ನಿನ್ನ ಎಡವೋ ನನ್ನ ಎಡವೋ’ ಎಂಬ ವಾಕ್ಯಾರ್ಥ ಏಳುತ್ತದೆ. ದಾಂಪತ್ಯದ ಇತರ ಪ್ರಶ್ನೆಗಳೂ ಇದೇ ಸಂದರ್ಭದಲ್ಲಿ ಚರ್ಚೆಗೆ ಬರುವುದುಂಟು. ಕುದುರೆ ಒಳಗೆ ಹುಲ್ಲು ಮೆಲ್ಲುತ್ತಿರುತ್ತದೆ.

ಎರಡನೆಯದು ಕಾಗದಪತ್ರ. ಅಮೆರಿಕದಲ್ಲಿ ಮನುಷ್ಯ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವಾಗ ಯಾರೂ ಅವನ ರಕ್ತವನ್ನು ಕೇಳುವುದಿಲ್ಲ. ಕುದುರೆ ಗಡಿ ದಾಟಬೇಕಾದರೆ ಸಾಮಾನ್ಯವಾಗಿ ಪಶುವೈದ್ಯರ ಆರೋಗ್ಯಪತ್ರವೂ ಕಾಗಿನ್ಸ್ ಪರೀಕ್ಷೆಯ ವರದಿಯೂ ಜೊತೆಗಿರಬೇಕು. ಲಿರಾಯ್ ಕಾಗಿನ್ಸ್ ಎಂಬ ಪಶುವೈದ್ಯ ವಿಜ್ಞಾನಿ ರೂಪಿಸಿದ ಈ ರಕ್ತಪರೀಕ್ಷೆ ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆಯನ್ನು ಪತ್ತೆಹಚ್ಚುತ್ತದೆ. ರೋಗ ವಾಸಿಯಾಗುವಂಥದ್ದಲ್ಲ, ಕಚ್ಚುವ ದೊಡ್ಡ ನೊಣಗಳು ಒಂದರ ರಕ್ತವನ್ನು ಇನ್ನೊಂದಕ್ಕೆ ಮುಟ್ಟಿಸಿ ಹರಡುತ್ತವೆ. ಆದ್ದರಿಂದ ಕುದುರೆಗಳು ಒಟ್ಟುಗೂಡುವ ಜಾಗದಲ್ಲಿ ಈ ವರದಿಗೆ ಬೆಲೆ ಹೆಚ್ಚು. ಹಳೆಯ ನಮೂನೆಗಳಲ್ಲಿ ಕುದುರೆಯ ರೇಖಾಚಿತ್ರವೇ ಅಚ್ಚಾಗಿರುತ್ತಿತ್ತು. ಹಣೆಯ ಬೊಟ್ಟು, ಕಾಲಿನ ಬಿಳುಪು, ಸುಳಿ ಇವನ್ನೆಲ್ಲ ವೈದ್ಯರು ಅದರ ಮೇಲೆ ಗುರುತು ಹಾಕುತ್ತಿದ್ದರು. ಒಡೆಯನ ಹಣೆಯಲ್ಲಿ ಏನಿದೆಯೆಂದು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ.

ಮೇವಿಗೂ ಕಾಗದ ಬೇಕಾಗುತ್ತದೆ. ಪಶ್ಚಿಮದ ಎಷ್ಟೋ ರಾಷ್ಟ್ರೀಯ ಅರಣ್ಯಗಳಲ್ಲಿ ಕಳೆಬೀಜವಿಲ್ಲವೆಂದು ದೃಢೀಕರಿಸಿದ ಒಣಹುಲ್ಲನ್ನಷ್ಟೇ ಒಳಗೆ ಬಿಡುತ್ತಾರೆ. ತಂದ ಹುಲ್ಲು ಶುದ್ಧವಾಗಿದ್ದರೆ ಸಾಲದು, ತಿಂದ ಹುಲ್ಲೂ ಶುದ್ಧವಾಗಿರಬೇಕು. ಕುದುರೆಯ ಕರುಳಿನಲ್ಲಿ ಬೀಜಗಳು ಕೆಲವು ದಿನ ಉಳಿದು, ಹೊರಬಿದ್ದ ಮೇಲೂ ಮೊಳೆಯಬಲ್ಲವು. ಹಾಗಾಗಿ ಹೊರಡುವ ಮೂರುನಾಲ್ಕು ದಿನ ಮೊದಲೇ ಕುದುರೆಗೆ ಈ ಪಥ್ಯ ಶುರು. ಸೌದೆಯ ಕಥೆ ಇನ್ನೂ ಕಠಿಣ. ಪಚ್ಚೆಬಣ್ಣದ ಒಂದು ಕೊರಕ ಹುಳು ಅಮೆರಿಕದ ಮಟ್ಟಿಗೆ 2002ರಲ್ಲಿ ಮಿಷಿಗನ್‌ನಲ್ಲೇ ಮೊದಲು ಪತ್ತೆಯಾಗಿ, ಮುಂದೆ ಕೋಟ್ಯಂತರ ಆ್ಯಷ್ ಮರಗಳನ್ನು ಕೊಂದಿತು. ಸೌದೆಯೊಳಗೆ ಕೂತು ಊರೂರು ಸುತ್ತುವುದು ಅದರ ಅಭ್ಯಾಸವಾದ್ದರಿಂದ, ದೂರದಿಂದ ಸೌದೆ ತರಬಾರದೆಂಬ ಸೂಚನೆ ಈಗ ಎಲ್ಲ ಕಡೆ ಇದೆ. ಹೀಗೆ ಕಾಗದವಿದ್ದ ಕುದುರೆ ಬರುತ್ತದೆ, ಕಾಗದವಿದ್ದ ಹುಲ್ಲು ಬರುತ್ತದೆ. ಕಾಗದವಿಲ್ಲದ ಸೌದೆ ಮನೆಯಲ್ಲೇ ಉಳಿಯುತ್ತದೆ. ಮನುಷ್ಯ ಹುಲ್ಲಿನ ಲೆಕ್ಕದಲ್ಲಿ ಒಳಗೆ ಬರುತ್ತಾನೆ.

ಈಗ ಬಂಧನ ಪ್ರಕರಣ. ರಾತ್ರಿ ಕುದುರೆಯನ್ನು ಹೇಗೆ ಕಟ್ಟಬೇಕೆಂಬುದರಲ್ಲಿ ನಾಲ್ಕು ಮತಗಳಿವೆ. ಒಂದು ಮತದವರು ಇನ್ನೊಂದು ಮತದವರ ಪಕ್ಕದಲ್ಲಿ ಬೀಡುಬಿಡದಿರುವುದು ಒಳಿತು.

ಅತ್ಯಂತ ಗೌರವದ್ದು ಹೈಲೈನ್ ಮತ. ಎರಡು ಗಟ್ಟಿ ಮರಗಳಿಗೆ, ತೊಗಟೆ ಸವೆಯದಂತೆ ಅಗಲವಾದ ಪಟ್ಟಿ ಸುತ್ತಿ, ಕುದುರೆಯ ತಲೆಗಿಂತ ಎತ್ತರದಲ್ಲಿ, ಎಂದರೆ ಸುಮಾರು ಏಳು ಅಡಿಯಲ್ಲಿ, ಬಿಗಿಯಾಗಿ ಹಗ್ಗ ಎಳೆಯುವುದು. ಆ ಹಗ್ಗದಿಂದ ಕುದುರೆಯ ಹಗ್ಗವನ್ನು ಇಳಿಬಿಡುವುದು. ಇಳಿಬಿಟ್ಟ ಹಗ್ಗ ಚಿಕ್ಕದಾದರೆ ಮೂತಿ ನೆಲದ ಹುಲ್ಲಿಗೆ ಎಟುಕದು. ಉದ್ದವಾದರೆ ಕಾಲು ಸಿಕ್ಕಿಕೊಳ್ಳುತ್ತದೆ. ಇವೆರಡರ ನಡುವಿನ ಸರಿಯಾದ ಅಳತೆ ಸಂಜೆ ಕಟ್ಟುವಾಗ ಸಿಗುತ್ತದೆ, ನಡುರಾತ್ರಿ ಹಗ್ಗ ಜೋತುಬಿದ್ದಾಗ ತಪ್ಪುತ್ತದೆ. ಗಂಟು ಎಳೆದೊಡನೆ ಬಿಚ್ಚಿಕೊಳ್ಳುವಂಥದ್ದಾಗಿರಬೇಕೆಂದು ನಿಯಮ, ಅಪಾಯದಲ್ಲಿ ಕುದುರೆಯನ್ನು ಕೂಡಲೇ ಬಿಡಿಸಲಿಕ್ಕೆ. ಎಷ್ಟೋ ಕುದುರೆಗಳು ಒಡೆಯನ ಕೈಯನ್ನು ಗಮನವಿಟ್ಟು ನೋಡಿ, ಗಂಟಿನ ಬಾಲವನ್ನು ತುಟಿಯಲ್ಲಿ ಹಿಡಿದೆಳೆಯುವುದನ್ನು ಕಲಿತಿವೆ. ಅಪಾಯ ಯಾವುದೆಂಬುದನ್ನು ತೀರ್ಮಾನಿಸುವ ಅಧಿಕಾರ ಹೀಗೆ ಅವುಗಳ ಕಡೆಗೆ ಜಾರಿದೆ.

ಎರಡನೆಯದು ಕಾಲುಕಟ್ಟಿನ ಮತ. ಮುಂಗಾಲೆರಡನ್ನೂ ಚರ್ಮದ ಪಟ್ಟಿಯಿಂದ ಜೋಡಿಸಿ ಬಿಟ್ಟರೆ ಕುದುರೆ ಮೇಯುತ್ತದೆ, ಓಡುವುದಿಲ್ಲ ಎಂದು ಈ ಮತದ ನಂಬಿಕೆ. ಎರಡೂ ಕಾಲನ್ನು ಒಟ್ಟಿಗೆ ಎತ್ತಿ ಕುಪ್ಪಳಿಸಬಹುದೆಂಬುದು ಕುದುರೆಗೆ ಹೊಳೆಯುವ ತನಕ ಈ ನಂಬಿಕೆ ನಿಲ್ಲುತ್ತದೆ. ಮೂರನೆಯವರು ಬ್ಯಾಟರಿಯ ವಿದ್ಯುತ್ ಬೇಲಿಯವರು. ಬೇಲಿಯೆಂದರೆ ಒಂದು ಬಿಳಿ ಪಟ್ಟಿ, ನಾಲ್ಕಾರು ಕಡ್ಡಿ, ಉಳಿದದ್ದೆಲ್ಲ ಶ್ರದ್ಧೆ. ಕುದುರೆ ನಂಬುವಷ್ಟು ಹೊತ್ತು ಅದು ಬೇಲಿ. ನಾಲ್ಕನೆಯವರು ಕಬ್ಬಿಣದ ಚೌಕಟ್ಟುಗಳನ್ನು ಟ್ರೇಲರಿನ ಪಕ್ಕೆಗೆ ತೂಗುಹಾಕಿ ತಂದು ಲಾಯವನ್ನೇ ನಿಲ್ಲಿಸುತ್ತಾರೆ. ಅವರು ನೆಮ್ಮದಿಯಿಂದ ಮಲಗುತ್ತಾರೆ, ಸೊಂಟನೋವಿನಿಂದ ಏಳುತ್ತಾರೆ.

ಮರಕ್ಕೆ ನೇರವಾಗಿ ಕಟ್ಟುವುದನ್ನು ನಾಲ್ಕೂ ಮತಗಳು ಒಂದೇ ದನಿಯಲ್ಲಿ ಖಂಡಿಸುತ್ತವೆ. ಬೇಸರಗೊಂಡ ಕುದುರೆ ಗೊರಸಿನಿಂದ ಕೆರೆದು ಬೇರನ್ನು ಬಯಲಿಗೆಳೆಯುತ್ತದೆ, ತೊಗಟೆ ತಿನ್ನುತ್ತದೆ. ಮರವೂ ಸುಮ್ಮನಿರುವುದಿಲ್ಲ. ಮಿಷಿಗನ್ನಿನ ಕಾಡಿನಲ್ಲಿ ಧಾರಾಳವಾಗಿರುವ ಕೆಂಪು ಮೇಪಲ್ ಮತ್ತು ಕಾಡುಚೆರ್ರಿಯ ಬಾಡಿದ ಎಲೆಗಳು ಕುದುರೆಗೆ ವಿಷ. ಮೇಪಲಿನದು ರಕ್ತಕಣಗಳನ್ನು ಒಡೆಯುತ್ತದೆ, ಚೆರ್ರಿಯದು ಸಯನೈಡ್ ಹುಟ್ಟಿಸುತ್ತದೆ. ಮುರಿದುಬಿದ್ದ ಒಂದು ಕೊಂಬೆ ಸಾಕು. ಕುದುರೆಗೆ ವಾಂತಿ ಮಾಡುವ ಸಾಮರ್ಥ್ಯವನ್ನು ಪ್ರಕೃತಿ ಕೊಟ್ಟಿಲ್ಲ. ಒಮ್ಮೆ ಒಳಗೆ ಹೋದದ್ದರ ಚಿಂತೆಯನ್ನು ಒಡೆಯನಿಗೆ ಬಿಟ್ಟಿದೆ.

ಜಲ ಪ್ರಕರಣ ಸರೋವರದ ದಡದ ಶಿಬಿರಗಳಿಗೆ ವಿಶೇಷ. ಕುದುರೆ ದಿನಕ್ಕೆ ಇಪ್ಪತ್ತರಿಂದ ನಲವತ್ತು ಲೀಟರ್ ನೀರು ಕುಡಿಯುತ್ತದೆ; ಸೆಕೆಯಲ್ಲಿ ದುಡಿದರೆ ಇನ್ನೂ ಹೆಚ್ಚು. ಎದುರಿಗೆ ಸರೋವರವಿದ್ದರೂ ನೀರಿನಿಂದ ಕನಿಷ್ಠ 200 ಅಡಿ ದೂರದಲ್ಲಿ ಕುದುರೆಯನ್ನು ಕಟ್ಟಬೇಕೆಂಬುದು ಅಲ್ಲಿನ ಕಾಡುಗಳಲ್ಲಿ ರೂಢಿಯಾದ ನಿಯಮ. ದಡ ಕುಸಿಯಬಾರದು, ಲದ್ದಿ ನೀರಿಗೆ ಸೇರಬಾರದು. ಆದ್ದರಿಂದ ನೀರನ್ನು ಕುದುರೆಯ ಬಳಿಗೆ ತರಬೇಕು. ಇಪ್ಪತ್ತು ಲೀಟರಿನ ಬಕೆಟ್ ಒಂದೊಂದು ಕೈಯಲ್ಲಿ ಹಿಡಿದು, ಮೊಣಕಾಲಿಗೆ ತುಳುಕಿಸಿಕೊಳ್ಳುತ್ತ ಮನುಷ್ಯ ಏರು ಹತ್ತಿ ಬಂದ ಮೇಲೆ ಕುದುರೆ ಒಮ್ಮೆ ಮೂಸಿ, ಮೇಲ್ದುಟಿಯನ್ನು ಅದ್ದಿ ನೋಡಿ, ಮುಖ ತಿರುಗಿಸುತ್ತದೆ. ಪರಸ್ಥಳದ ನೀರಿನ ರುಚಿ ಎಷ್ಟೋ ಕುದುರೆಗಳಿಗೆ ಸೇರದು. ಅನುಭವಿಗಳು ಮನೆಯಲ್ಲಿದ್ದಾಗಲೇ ಬಕೆಟ್ಟಿಗೆ ಸ್ವಲ್ಪ ಸೇಬಿನ ರಸ ಬೆರೆಸಿ ಅಭ್ಯಾಸ ಮಾಡಿಸಿ, ಶಿಬಿರದಲ್ಲೂ ಅದನ್ನೇ ಬೆರೆಸುತ್ತಾರೆ. ಅದೂ ಆಗದಿದ್ದರೆ ಮನೆಯ ನೀರನ್ನೇ ಪೀಪಾಯಿಯಲ್ಲಿ ತರುತ್ತಾರೆ. ಭೂಮಿಯ ಮೇಲಿನ ಅತಿ ದೊಡ್ಡ ಸಿಹಿನೀರಿನ ಸರೋವರಗಳ ಸಾಲಿನಲ್ಲಿ ಬರುವ ಎರಡರ ನಡುವೆ, ನಲ್ಲಿನೀರು ತುಂಬಿದ ಪೀಪಾಯಿ ಪ್ರಯಾಣ ಮಾಡುವುದು ಹೀಗೆ.

ನಿದ್ರೆಯ ವಿಷಯದಲ್ಲಿ ಸಿದ್ಧಾಂತಕ್ಕೆ ಎದುರಾಳಿಯೇ ಇಲ್ಲ. ಕುದುರೆ ದಿನಕ್ಕೆ ಒಟ್ಟು ಮೂರು ತಾಸಿನಷ್ಟು ಮಲಗುತ್ತದೆ, ಅದೂ ತುಣುಕು ತುಣುಕಾಗಿ. ಕಾಲಿನ ಕೀಲುಗಳನ್ನು ಬಿಗಿದು ನಿಂತಲ್ಲೇ ತೂಕಡಿಸುವ ಏರ್ಪಾಟು ಅದರ ದೇಹದಲ್ಲಿದೆ. ಗಾಢನಿದ್ರೆಗೆ ಮಾತ್ರ ಸ್ವಲ್ಪ ಹೊತ್ತು ನೆಲಕ್ಕೊರಗಬೇಕು. ಉಳಿದ ಹೊತ್ತು ಅದು ಎಚ್ಚರ, ಅದರ ಜೊತೆಗೆ ಒಡೆಯನೂ. ಡೇರೆಯೊಳಗಿನ ಅನುಮಾನಪ್ರಮಾಣ ಹೀಗೆ ನಡೆಯುತ್ತದೆ: ಸದ್ದು ಕೇಳಿದರೆ ಹಗ್ಗಕ್ಕೆ ಕಾಲು ಸಿಕ್ಕಿದೆ, ಸದ್ದು ಕೇಳದಿದ್ದರೆ ಕುದುರೆಯೇ ಇಲ್ಲ. ಎರಡು ಪಕ್ಷದಲ್ಲೂ ಟಾರ್ಚು ಹಿಡಿದು ಎದ್ದುಹೋಗುವುದು ಅನಿವಾರ್ಯ. ಹೋದವನು ಕುದುರೆಯ ಪಕ್ಕೆಗೆ ಕಿವಿಯಿಟ್ಟು ಕೇಳುತ್ತಾನೆ. ಹೊಟ್ಟೆ ಗುಡುಗುಡು ಎಂದರೆ ಕ್ಷೇಮ, ಮೌನವಾಗಿದ್ದರೆ ಶೂಲೆಯ ಭಯ. ನಸುಕಿನ ಮೂರು ಗಂಟೆಗೆ, ಚಡ್ಡಿ ಮತ್ತು ಬೂಟು ಮಾತ್ರ ತೊಟ್ಟು, ಪ್ರಾಣಿಯೊಂದರ ಹೊಟ್ಟೆಗೆ ಕಿವಿಗೊಟ್ಟು ನಿಂತ ಗೃಹಸ್ಥನನ್ನು ಕಂಡ ಮೇಲೆ ಪೂರ್ವಪಕ್ಷವನ್ನು ಹಿಡಿದು ಕೂರುವುದು ಹಟವೆನಿಸೀತು.

ಕೀಟಗಳ ವಿಚಾರ ಸಂಕ್ಷೇಪ: ಕುದುರೆಗೆ ಮುಖಕ್ಕೆ ಬಲೆ, ಮೈಗೆ ಹೊದಿಕೆ, ಕಾಲಿಗೆ ಔಷಧಿ. ಬಾಟಲಿಯಲ್ಲಿ ಉಳಿದದ್ದು ಮನುಷ್ಯನಿಗೆ.

ಲದ್ದಿಯ ವಿಚಾರ ಸಂಕ್ಷೇಪಕ್ಕೆ ಒಗ್ಗದು. ಒಂದು ಕುದುರೆ ದಿನಕ್ಕೆ ಇಪ್ಪತ್ತು ಕಿಲೋಗೂ ಮಿಕ್ಕಿ ಲದ್ದಿ ಹಾಕುತ್ತದೆ. ಎರಡು ಕುದುರೆ, ಮೂರು ದಿನ ಎಂದರೆ ಒಂದು ಕ್ವಿಂಟಾಲಿಗೂ ಹೆಚ್ಚು. ಒಳಗಾಡಿನಲ್ಲಿ ಇದನ್ನು ಒದ್ದು ಪುಡಿಮಾಡಿ ಬಿಸಿಲಿಗೆ ಹರಡಬೇಕೆಂದು ಒಂದು ವಿಧಿ. ನೆಲೆನಿಂತ ಶಿಬಿರಗಳಲ್ಲಿ ಗುಡಿಸಿ ತೊಟ್ಟಿಗೆ ಹಾಕಬೇಕೆಂದು ಇನ್ನೊಂದು. ವಿಧಿ ಯಾವುದಾದರೂ ಸನಿಕೆ ಹಿಡಿಯುವ ಕೈ ಒಂದೇ. ಮನುಷ್ಯ ತನ್ನದನ್ನು ಹೂಳಲು ಆರೆಂಟು ಅಂಗುಲ ಗುಂಡಿ ತೋಡಬೇಕು, ಕುದುರೆ ತೋಡಬೇಕಿಲ್ಲ. ಈ ತಾರತಮ್ಯದ ವಿರುದ್ಧ ಈವರೆಗೆ ಯಾರೂ ದನಿಯೆತ್ತದಿರುವುದು ಆಶ್ಚರ್ಯ.

ಕಾಡಿನ ದಾರಿಯಲ್ಲಿ ನಡೆಯುವವರು ಕುದುರೆಗೆ ದಾರಿ ಬಿಡಬೇಕು. ಬಿಟ್ಟು ಇಳಿಜಾರಿನ ಕಡೆ ನಿಂತು, ಮೆಲ್ಲಗೆ ಏನಾದರೂ ಮಾತಾಡಬೇಕು. ಕುದುರೆ ಬೇಟೆಗೆ ಗುರಿಯಾಗುವ ಜಾತಿ. ಬೆನ್ನಮೇಲೆ ದೊಡ್ಡ ಚೀಲ ಹೊತ್ತು ಏರಿನ ಮೇಲೆ ಮೌನವಾಗಿ ನಿಂತ ಆಕೃತಿ ಅದರ ಕಣ್ಣಿಗೆ ಹಾರಲು ಸಿದ್ಧವಾದ ಚಿರತೆಯಂತೆ. ದನಿ ಕೇಳಿದರೆ ಮನುಷ್ಯನೆಂದು ತಿಳಿದು ನಿರ್ಲಕ್ಷಿಸುತ್ತದೆ. ಕುದುರೆಯೂ ದಾರಿ ಬಿಡಬೇಕಾದ ಜೀವಿ ಒಂದಿದೆ: ಲುಜರ್ನ್ ಆಸುಪಾಸಿನ ಎಳೆಯ ಜ್ಯಾಕ್ ಪೈನ್‌ಗಳ ಬುಡದಲ್ಲಿ, ನೆಲದ ಮೇಲೆ ಗೂಡು ಕಟ್ಟುವ ಕರ್ಟ್‌ಲ್ಯಾಂಡ್ ವಾರ್ಬ್ಲರ್ ಎಂಬ ಹಕ್ಕಿ. ಅಳಿವಿನಂಚಿನ ಪಟ್ಟಿಯಿಂದ 2019ರಲ್ಲಿ ಹೊರಬಂದ ಈ ಹಕ್ಕಿಯ ತೂಕ ಸುಮಾರು ಹದಿನಾಲ್ಕು ಗ್ರಾಂ. ಹೀಗೆ ಕಾಡಿನ ಶ್ರೇಣಿಯಲ್ಲಿ ಹಕ್ಕಿ ಮೊದಲು, ಕುದುರೆ ಅನಂತರ, ಮನುಷ್ಯ ಕೊನೆಗೆ.

ಹೇಸರಗತ್ತೆಯ ಮಾತು ಬಿಟ್ಟರೆ ಶಾಸ್ತ್ರ ಅಪೂರ್ಣ. ಮೊಂಟಾನಾದ ಬಾಬ್ ಮಾರ್ಷಲ್ ವನ್ಯಪ್ರದೇಶದಂಥ ಕಡೆ 1964ರ ಕಾಯಿದೆಯ ಪ್ರಕಾರ ಮೋಟಾರೂ ಇಲ್ಲ, ಸೈಕಲ್ಲೂ ಇಲ್ಲ. ಅಲ್ಲಿ ದಾರಿ ದುರಸ್ತಿಗೆ ಹೋಗುವ ಅರಣ್ಯ ಸಿಬ್ಬಂದಿಯ ಗರಗಸ, ಗುದ್ದಲಿ, ಬೇಳೆಕಾಳು ಇಂದಿಗೂ ಹೇಸರಗತ್ತೆಯ ಬೆನ್ನ ಮೇಲೇ ಸಾಗುತ್ತವೆ. ಹೇರಿನ ಎರಡು ಪಕ್ಕಗಳ ತೂಕ ಸರಿಸಮ ಇರಬೇಕು. ತೂಗುತಕ್ಕಡಿಯಲ್ಲಿ ತೂಗಿ, ಕಡಿಮೆಯಾದ ಕಡೆಗೆ ಒಂದು ಡಬ್ಬಿ ಸೇರಿಸುತ್ತಾರೆ. ಹೇರು ಒಂದು ಕಡೆ ವಾಲಿದರೆ ಹೇಸರಗತ್ತೆ ನಿಂತುಬಿಡುತ್ತದೆ. ಕರಡಿಗಳ ಈ ಸೀಮೆಯಲ್ಲಿ ಕುದುರೆಯ ಕಾಳನ್ನೂ ಮನುಷ್ಯನ ಆಹಾರದಂತೆಯೇ ಕರಡಿಗೆ ಸಿಗದ ಪೆಟ್ಟಿಗೆಯಲ್ಲಿ ಬೀಗಹಾಕಿ ಇಡಬೇಕು. ಇಬ್ಬರ ಊಟಕ್ಕೂ ಸಮಾನ ಗೌರವ ಸಿಗುವುದು ಕರಡಿಯ ದೃಷ್ಟಿಯಲ್ಲಿ ಮಾತ್ರ.

ಉಳಿದದ್ದು ನಿರ್ಗಮನ. ಗೊರಸು ಕೆರೆದ ಗುಂಡಿ ಮುಚ್ಚಬೇಕು, ಚೆಲ್ಲಿದ ಹುಲ್ಲು ಆಯಬೇಕು, ಮರದ ಪಟ್ಟಿ ಬಿಚ್ಚಬೇಕು, ಬೆಂಕಿಯ ಬೂದಿ ಕೈಗೆ ತಣ್ಣಗಾಗುವವರೆಗೆ ನೀರು ಹೊಯ್ಯಬೇಕು. ಬರುವಾಗ ತಾನಾಗಿ ಟ್ರೇಲರ್ ಹತ್ತಿದ ಕುದುರೆ ಹೊರಡುವಾಗಲೂ ಹತ್ತೀತೆಂಬುದಕ್ಕೆ ಯಾವ ಪ್ರಮಾಣವೂ ಇಲ್ಲ. ಒಂದು ಕಾಲನ್ನು ಮೆಟ್ಟಿಲಿನ ಮೇಲಿಟ್ಟು ಅದು ಬಹಳ ಹೊತ್ತು ಯೋಚಿಸುವುದುಂಟು. ಹತ್ತು ಗಂಟೆಗೆ ಜಾಗ ತೆರವು ಮಾಡಬೇಕಿದ್ದರೆ ಹತ್ತಿಸುವ ಕೆಲಸವನ್ನು ಎಂಟಕ್ಕೇ ಆರಂಭಿಸತಕ್ಕದ್ದು.