ಬಾಡಿಗೆಯ ಬಿಸುಪು
ಬಯಲುಸೀಮೆಯ ಬಿಸಿಲಿಗೆ ಬೆಂದ ಗೃಹಸ್ಥನು ಜ್ಯೇಷ್ಠಮಾಸದಲ್ಲಿ ಕುಲುವಿನಿಂದ ಮನಾಲಿಗೆ, ಅಲ್ಲಿಂದ ರೋಹ್ತಾಂಗ್ ಘಾಟಿಗೆ ಮೋಟಾರೇರಿ ಹೋಗುವುದು ತಂಪನ್ನರಸಿಯೇ ಎಂದು ಲೋಕದ ನಂಬಿಕೆ. ಆದರೆ ಹಾದಿಯುದ್ದಕ್ಕೂ ಇರುವ ಅಂಗಡಿಗಳಲ್ಲಿ, ಅದೇ ತಂಪು ತನ್ನನ್ನು ಮುಟ್ಟದಂತೆ ತಡೆಯುವ ತುಪ್ಪುಳಿನ ಕೋಟನ್ನೂ ಮೊಣಕಾಲುದ್ದದ ಬೂಟನ್ನೂ ಬಾಡಿಗೆಗೆ ಪಡೆಯಲು ಅವನು ಮಾಡುವ ಚೌಕಾಸಿಯನ್ನು ಕಂಡವರಿಗೆ ಆ ನಂಬಿಕೆ ಕೊಂಚ ಸಡಿಲವಾದೀತು. 3,978 ಮೀಟರ್ ಎತ್ತರದ ಘಾಟಿಯ ನೆತ್ತಿಯಲ್ಲಿ, ಹಿಂದೆ ಯಾವ ಮಹಾಕಾಯನೋ ತೊಟ್ಟಿದ್ದ ಕೆಂಪು ಕೋಟಿನೊಳಗೆ ಅಂತರ್ಧಾನನಾಗಿ, ಏದುಸಿರು ಬಿಡುತ್ತ, ಧರ್ಮಪತ್ನಿಯತ್ತ ಹಿಮದುಂಡೆಯೊಂದನ್ನೆಸೆದು ಗುರಿತಪ್ಪುವುದೇ ಆತನ ಪ್ರಥಮ ಸಾಹಸ. ಆಮೇಲಿನದು ಬಿಯಾಸ್ ನದಿಯಲ್ಲಿ ರಬ್ಬರು ದೋಣಿಯ ವಿಹಾರ: ಬೇಸಿಗೆಯಲ್ಲಿ ಹಿಮ ಕರಗಿದಷ್ಟೂ ಉಬ್ಬುವ ಈ ಹೊಳೆ, ದೇವರ ಕೋಣೆಯತ್ತ ಸುಳಿಯದವನಿಂದಲೂ ಸಹಸ್ರನಾಮ ಹೇಳಿಸಿಬಿಡುತ್ತದೆ. ಸೋಲಂಗ್ ಕಣಿವೆಯಲ್ಲಿ ಬಣ್ಣದ ಪ್ಯಾರಾಗ್ಲೈಡರಿಗೆ ಜೋತು ಹಾರುವವರನ್ನು ಮಾತ್ರ ಆತ ನೆಲದ ಮೇಲೆಯೇ ಕುಳಿತು, ಬಿಸಿ ಮ್ಯಾಗಿ ಮೆಲ್ಲುತ್ತ, ಹೃತ್ಪೂರ್ವಕವಾಗಿ ಪ್ರೋತ್ಸಾಹಿಸುತ್ತಾನೆ.