ಕಡಲಯಾನ ಪೂರ್ವಸಿದ್ಧತಾ ಮೀಮಾಂಸೆ: ಕಮಲಾಪುರ ಕೇಂದ್ರಿತ ಬಹುಶಿಸ್ತೀಯ ಅಧ್ಯಯನ

1.0 ಪೀಠಿಕೆ

ಕಮಲಾಪುರ ನೆಲೆಯ ಕುಟುಂಬವೊಂದು ಏಳು ದಿನಗಳ ಕರಾವಳಿ ಪ್ರವಾಸವನ್ನು ಯೋಜಿಸುವ ಪ್ರಕ್ರಿಯೆಯನ್ನು ಒಂದು ಸೈದ್ಧಾಂತಿಕ ಚೌಕಟ್ಟಿನೊಳಗೆ ಇರಿಸಿ, ಆ ಚೌಕಟ್ಟನ್ನು ಇನ್ನೊಂದು ಪರಿಕಲ್ಪನಾತ್ಮಕ ಚೌಕಟ್ಟಿನೊಳಗೆ ತೂರಿಸಿ, ಕಡೆಗೆ ಪ್ರವಾಸವೇ ಕಣ್ಣಿಗೆ ಬೀಳದಂತೆ ಮಾಡುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶವಾಗಿದೆ. ಇದಕ್ಕೆ ಪ್ರೇರಣೆ, ಬಿಸಿಲು ಕಾಯ್ದ ಒಂದು ಮಧ್ಯಾಹ್ನ ಕಲಬುರಗಿಯಲ್ಲಿ ಕೂತು ಕೇಳಬೇಕಾಗಿ ಬಂದ ವಿಚಾರ ಸಂಕಿರಣ. ವಿಷಯ ಕರಾವಳಿ ಪ್ರವಾಸೋದ್ಯಮ. ರಸ್ತೆಯ ಲೆಕ್ಕದಲ್ಲಿ ಕಾರವಾರದಿಂದ 500 ಕಿಲೋಮೀಟರಿಗೂ ಹೆಚ್ಚು ದೂರದ ಆ ಸಭಾಂಗಣದಲ್ಲಿ ವಿದ್ವಾಂಸರು ‘ಜಲಾಭಿಮುಖ ವಿರಾಮಾವಕಾಶಗಳ ಸಂಕಥನ’ ಎಂದರೇ ಹೊರತು ಒಬ್ಬರೂ ಸಮುದ್ರ ಎನ್ನಲಿಲ್ಲ. ಊಟಕ್ಕೆ ಬಿಟ್ಟಾಗ ಅನ್ನ ಆರಿತ್ತು. ಆ ಋಣವನ್ನು ಅವರ ಭಾಷೆಯಲ್ಲೇ ತೀರಿಸಲು ಇಲ್ಲಿ ಯತ್ನಿಸಲಾಗಿದೆ.

1.1 ನೆಲೆ ಮತ್ತು ಹಿನ್ನೆಲೆ

ಕಮಲಾಪುರವು ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲಿನ ತಾಲ್ಲೂಕು ಕೇಂದ್ರ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕೆಂಪು ಬಾಳೆ ಇಲ್ಲಿಯ ಹೆಗ್ಗಳಿಕೆ, ಸಮುದ್ರ ಇಲ್ಲಿಯ ಕೊರತೆ. ಈ ಕೊರತೆಯನ್ನು ‘ಅನುಪಸ್ಥಿತಿಯ ಉಪಸ್ಥಿತಿ’ ಎಂದು ಗ್ರಹಿಸತಕ್ಕದ್ದು. ಯಾಕೆ ಎಂದು ಕೇಳುವವರು ಸಂಶೋಧನೆಗೆ ಅರ್ಹರಲ್ಲ.

ಪೂರ್ವಪಕ್ಷ: ಇಲ್ಲಿ ಕಡಲಿಲ್ಲ. ಸಿದ್ಧಾಂತ: ಇತ್ತು. ನಮ್ಮ ಸೀಮೆಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದಿ ಫರಸಿ ಭೀಮಾ ಕಣಿವೆಯ ಸುಣ್ಣಕಲ್ಲು. ಕೋಟಿ ಕೋಟಿ ವರ್ಷಗಳ ಹಿಂದೆ, ಅಷ್ಟೇನೂ ಆಳವಿಲ್ಲದ ಸಮುದ್ರವೊಂದರ ತಳದಲ್ಲಿ ಪದರಪದರವಾಗಿ ಕೂತದ್ದು. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಅರೆದು ಚೀಲಕ್ಕೆ ತುಂಬುತ್ತಿರುವುದೂ ಅದನ್ನೇ. ಹೀಗಾಗಿ ನಮ್ಮ ಆಯಿ ದಿನಾ ಮುಂಜಾನೆ ಕಸಬರಿಗೆ ಹಿಡಿದು ಗುಡಿಸುವುದು ಸಮುದ್ರತಳವನ್ನು ಎಂದು ಸಿದ್ಧವಾಗುತ್ತದೆ. ಆಕೆಗೆ ಇದನ್ನು ಮಂಡಿಸಿದಾಗ, “ಹಂಗಾರ ಅಲ್ಲೀತನ ಯಾಕ ಹೋಗ್ತೀಯೋ, ಇಲ್ಲೇ ಕುಂದ್ರು” ಎಂಬ ಪ್ರತಿಕ್ರಿಯೆ ದಾಖಲಾಯಿತು. ಮೌಖಿಕ ಆಕರಗಳ ಮಿತಿ ಇದು.

1.2 ಪೂರ್ವಾಧ್ಯಯನಗಳ ಸಮೀಕ್ಷೆ

ಕಡಲಿಗೂ ಕಲಬುರಗಿ ಸೀಮೆಗೂ ನಡುವಿನ ಓಡಾಟದ ಕುರಿತು ಈವರೆಗೆ ನಡೆದಿರುವ ಕೆಲಸ ತೃಪ್ತಿಕರವಾಗಿಲ್ಲ. (ಈ ವಾಕ್ಯವಿಲ್ಲದೆ ಯಾವ ಪ್ರಬಂಧವನ್ನೂ ಅಂಗೀಕರಿಸುವುದಿಲ್ಲ.) 851ರಲ್ಲಿ ಅರಬ್ ವರ್ತಕ ಸುಲೈಮಾನನ ವೃತ್ತಾಂತವು ಮಳಖೇಡದ ರಾಷ್ಟ್ರಕೂಟ ದೊರೆಯನ್ನು ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ಒಬ್ಬನೆಂದು ಎಣಿಸಿತು. ಆಗ ಸಮುದ್ರವೇ ಹುಡುಕಿಕೊಂಡು ನಮ್ಮ ಬಾಗಿಲಿಗೆ ಬರುತ್ತಿತ್ತು, ಗಾಡಿ ಬಾಡಿಗೆಯ ಪ್ರಶ್ನೆ ಏಳುತ್ತಿರಲಿಲ್ಲ.

ಹದಿನೈದನೇ ಶತಮಾನದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಚೌಲ್ ಬಂದರಿನಲ್ಲಿ ಇಳಿದು, ಮಾರಲು ತಂದಿದ್ದ ಒಂದು ಕುದುರೆಯೊಂದಿಗೆ ಬೀದರಿಗೆ ಹೊರಟ. ದಾರಿಯಲ್ಲಿ ಜುನ್ನರಿನ ಖಾನ ಕುದುರೆಯನ್ನು ಕಿತ್ತುಕೊಂಡು, ಧರ್ಮ ಬದಲಿಸಿದರೆ ಮಾತ್ರ ಬಿಡುವೆನೆಂದ. ಮಧ್ಯಸ್ಥರೊಬ್ಬರು ಬಂದು ಬಿಡಿಸಬೇಕಾಯಿತು. ಟೋಲ್ ನಾಕಾದಲ್ಲಿ ಫಾಸ್ಟ್ಯಾಗ್ ಓದದೆ ಗಾಡಿ ನಿಂತಾಗ ಕೂಗಾಡುವವರು ಈ ಪೂರ್ವನಿದರ್ಶನವನ್ನು ಗಮನಿಸಬೇಕು. ನಿಕಿತಿನನೂ ಮಳೆಗಾಲವನ್ನು ಲೆಕ್ಕಕ್ಕೆ ಹಿಡಿಯದೆ ಹೊರಟು ಕೆಸರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಬಿದ್ದವನೇ. ಇನ್ನು ಬಹಮನಿ ಮಂತ್ರಿ ಮಹಮೂದ್ ಗವಾನ್. 1472ರಲ್ಲಿ ಗೋವಾಕ್ಕೆ ಹೋದ, ಗೆದ್ದ, ಬಂದ. ಪ್ರವಾಸದ ವಿಮರ್ಶೆಯಾಗಿ 1481ರಲ್ಲಿ ಅವನ ತಲೆ ತೆಗೆಯಲಾಯಿತು.

2.0 ವಾಹನ ಮತ್ತು ಸ್ವತ್ವ

ವಾಹನದ ಆಯ್ಕೆಯಲ್ಲಿ ವಿವಾದವಿಲ್ಲ: ಕ್ರೂಸರ್. ಎಷ್ಟು ಜನ ಕೂತರೂ ಇನ್ನೊಬ್ಬರಿಗೆ ಜಾಗವಿರುವ ಏಕೈಕ ವಾಹನವೆಂದು ಉತ್ತರ ಕರ್ನಾಟಕದ ಮದುವೆ ದಿಬ್ಬಣಗಳು ಇದನ್ನು ಪುರಸ್ಕರಿಸಿವೆ. ವಿವಾದವಿರುವುದು ಕಿಟಕಿ ಪಕ್ಕದ ಸೀಟಿನ ಕುರಿತು.

ಇಲ್ಲಿ ನಮ್ಮ ಜಿಲ್ಲೆಯ ಕೊಡುಗೆಯನ್ನು ಸ್ಮರಿಸುವುದು ಔಚಿತ್ಯಪೂರ್ಣ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಹಂಚಿಕೆಯನ್ನು ದೇಶದ ಬಹುಭಾಗಕ್ಕೆ ಕಲಿಸಿದ ‘ಮಿತಾಕ್ಷರ’ದ ಕರ್ತೃ ವಿಜ್ಞಾನೇಶ್ವರ ಕಲ್ಯಾಣ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವನು, ಮರತೂರಿನವನೆಂದು ಈ ಭಾಗ ಹೆಮ್ಮೆಪಡುತ್ತದೆ. ಅವನ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಬಂಗಾಳದ ಜೀಮೂತವಾಹನ ಇದನ್ನು ಒಪ್ಪದೆ, ಅಪ್ಪ ಕಣ್ಣು ಮುಚ್ಚಿದ ಮೇಲಷ್ಟೇ ಹಕ್ಕು ಎಂದು ‘ದಾಯಭಾಗ’ದಲ್ಲಿ ವಾದಿಸಿದ. ಕಿಟಕಿ ಸೀಟನ್ನು ಈವರೆಗೆ ಅನುಭವಿಸಿಕೊಂಡು ಬಂದಿರುವ ಮುತ್ಯಾ ಕಟ್ಟಾ ದಾಯಭಾಗವಾದಿ. “ನಾ ಇರೂತನ ಆ ಸೀಟು ನಂದ” ಎಂಬುದು ಅವರ ಭಾಷ್ಯ. ಮೊಮ್ಮಗ ಶುದ್ಧ ಮಿತಾಕ್ಷರಿ, ಹುಟ್ಟಿದಾಗಿನಿಂದ ವಾಂತಿ ಮಾಡುತ್ತ ಬಂದಿರುವುದೇ ಅವನ ದಾಖಲೆ. ಈ ಎರಡು ಸಂಪ್ರದಾಯಗಳು ಪರಸ್ಪರ ಖಂಡನೆಯಲ್ಲಿ ಮುಳುಗಿರುವಾಗ, ಪಿಯುಸಿ ಓದುವ ಮೊಮ್ಮಗಳು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯನ್ನು ಉಲ್ಲೇಖಿಸಿ, ಹೆಣ್ಣುಮಕ್ಕಳಿಗೂ ಸಮಪಾಲೆಂದು ಹೇಳಿ, ಅಂಗಳದಲ್ಲಿ ನಿಂತಿದ್ದ ಬೇರೆಯವರ ಗಾಡಿಯ ಕಿಟಕಿ ಪಕ್ಕ ಹೋಗಿ ಕೂತು ತೋರಿಸಿದಳು. ಪ್ರಾಯೋಗಿಕ ವಿಮರ್ಶೆ ಅಂದರೆ ಇದು.

2.1 ಋತುನಿರ್ಣಯ

ಏಪ್ರಿಲ್, ಮೇ: ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬಿಸಿಲಿಗೆ ಹೆದರಿ ಮುಂಜಾನೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವ ತಿಂಗಳು. ಹೊರಡಲು ಪ್ರಶಸ್ತ. ಆದರೆ ನಮ್ಮ ಮನೆಯ ಮದುವೆಗಳೆಲ್ಲ ಇರುವುದು ಆಗಲೇ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೀನು ತಿನ್ನದ ಮನೆತನದವರಾದ ನಮ್ಮ ಕಾಕಾ ಈ ನಿಷೇಧದ ಬಗ್ಗೆ ತೋರಿದ ಆಳವಾದ ಸೈದ್ಧಾಂತಿಕ ಕಳವಳ ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯ. ಡಿಸೆಂಬರ್, ಜನವರಿ ತೊಗರಿ ರಾಶಿ. ಫೆಬ್ರುವರಿ ಪರೀಕ್ಷೆ ತಯಾರಿ. ಉಳಿದ ತಿಂಗಳುಗಳಲ್ಲಿ ಯಾರಿಗಾದರೂ ಜ್ವರ. ಆದ್ದರಿಂದ ಪ್ರವಾಸಕ್ಕೆ ಯೋಗ್ಯ ಕಾಲವಿಲ್ಲ, ಯೋಜನೆಗೆ ಮಾತ್ರ ವರ್ಷವಿಡೀ ಯೋಗ್ಯ.

2.1.1 ಬುತ್ತಿಯ ಭೌತಶಾಸ್ತ್ರ

ಖಡಕ್ ಜೋಳದ ರೊಟ್ಟಿಯು ನಮ್ಮ ಒಣಹವೆಯಲ್ಲಿ ತಿಂಗಳಾನುಗಟ್ಟಲೆ ತನ್ನ ಖಡಕ್‌ತನವನ್ನು ಉಳಿಸಿಕೊಳ್ಳುತ್ತದೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ 800 ಮಿಲಿಮೀಟರಿನ ಆಚೀಚೆ, ಕರಾವಳಿಯಲ್ಲಿ 3000ಕ್ಕೂ ಮೇಲೆ. ಗಾಡಿ ಹುಬ್ಬಳ್ಳಿ ದಾಟಿ ಯಲ್ಲಾಪುರದ ಕಾಡು ಹೊಕ್ಕಾಗ ರೊಟ್ಟಿಯ ಅಂಚಿನಲ್ಲಿ ಮೊದಲ ಸಂಶಯ ಕಾಣಿಸಿಕೊಳ್ಳುತ್ತದೆ. ಅರಬೈಲ್ ಘಟ್ಟ ಇಳಿಯುವಷ್ಟರಲ್ಲಿ ಮುರಿದರೆ ಸದ್ದು ಬರುವುದಿಲ್ಲ. ಅಂಕೋಲೆಯಲ್ಲಿ ಅದು ಮಡಚುತ್ತದೆ. ಅಸ್ಮಿತೆಯ ಬಿಕ್ಕಟ್ಟು ಎಂದು ಸಂಕಿರಣದಲ್ಲಿ ಮುಂಜಾನೆಯಿಡೀ ಕೇಳಿದ್ದೆ. ಅದಕ್ಕೊಂದು ಉದಾಹರಣೆ ಬೇಕಿದ್ದರೆ ಇದಿದೆ. ಶೇಂಗಾ ಹಿಂಡಿಗೆ ಇಂಥ ತೊಂದರೆ ಇಲ್ಲ, ಅದು ಎಲ್ಲ ಹವೆಯಲ್ಲೂ ಕಾಕಾನ ಅಂಗಿಯ ಮೇಲೆ ಬೀಳುತ್ತದೆ.

3.0 ಮಾರ್ಗ

ಮಾರ್ಗ ಸರಳ. ಕಾರವಾರದಿಂದ ಮಂಗಳೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ತೆಂಕಣಕ್ಕೆ ಹೋಗುತ್ತಿದ್ದರೆ ಕಡಲು ಬಲಕ್ಕೇ ಇರುತ್ತದೆ, ತಪ್ಪಿಸಿಕೊಳ್ಳಲು ಅದಕ್ಕೆ ಬೇರೆ ಜಾಗವಿಲ್ಲ. ಗೋಕರ್ಣ, ಮಿರ್ಜಾನ್ ಕೋಟೆ, 123 ಅಡಿಯ ಶಿವನಿರುವ ಮುರುಡೇಶ್ವರ. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ಇರುವ ಮರವಂತೆ. ಉಡುಪಿ, ಮಲ್ಪೆ. ಹೊನ್ನಾವರದ ಹತ್ತಿರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ: ಈ ಎರಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿದೆ, 33 ಮಾನದಂಡಗಳನ್ನು ಅಳೆದು ಕೊಡುವಂಥದ್ದು. ಕುಟುಂಬದ ವಾಟ್ಸ್ಯಾಪ್ ಗುಂಪಿನಲ್ಲಿ ಇವನ್ನೆಲ್ಲ ದಿನವಾರು ಕೋಷ್ಟಕ ಮಾಡಿ ಹಾಕಲಾಗಿದೆ, ಕೊನೆಯ ಕಾಲಮ್ಮಿಗೆ ‘ಅಪಾಯ ನಿರ್ವಹಣೆ’ ಎಂದು ಹೆಸರು. ಆ ಕಾಲಮ್ಮಿನಲ್ಲಿ ಮೈದುನ ‘ಓಡೋಮಾಸ್’ ಎಂದು ತುಂಬಿದ್ದಾನೆ.

ನನಗೆ ಅಲ್ಲಿ ತುಂಬಬೇಕೆನಿಸಿದ್ದು ಶಿರೂರು. 2024ರ ಜುಲೈ 16ರಂದು ಅಂಕೋಲೆಯ ಹತ್ತಿರ, ರಸ್ತೆ ಅಗಲ ಮಾಡಲು ಬುಡ ಕಡಿದಿದ್ದ ಗುಡ್ಡ ಇಡಿಯಾಗಿ ಕೆಳಗಿಳಿಯಿತು. ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದವರು ಮಣ್ಣಿನಡಿ ಹೋದರು. ಕೇರಳದ ಕಡೆಗೆ ಹೊರಟಿದ್ದ ಲಾರಿ ಮತ್ತು ಅದರ ಚಾಲಕನ ದೇಹ ಗಂಗಾವಳಿಯ ತಳದಿಂದ ಮೇಲೆ ಬಂದದ್ದು ಎರಡು ತಿಂಗಳು ಕಳೆದು. ಆ ಆಗಸ್ಟಿನಲ್ಲೇ ಕಾರವಾರದ ಹತ್ತಿರ ಕಾಳಿ ನದಿಯ ಹಳೆ ಸೇತುವೆ ರಾತ್ರಿ ಕುಸಿದು ಇನ್ನೊಂದು ಲಾರಿ ನೀರಿಗೆ ಬಿತ್ತು. ಸಂಕಿರಣದ ಪರದೆಯ ಮೇಲೆ ಇದೇ ಹೆದ್ದಾರಿಯ ಚಿತ್ರಕ್ಕೆ ಕೊಟ್ಟಿದ್ದ ಶೀರ್ಷಿಕೆ ‘ಸುಸ್ಥಿರ ಸಂಪರ್ಕ’. ಗುಡ್ಡಕ್ಕೆ ಗೊತ್ತಿರಲಿಲ್ಲ ಅನಿಸುತ್ತದೆ.

3.1 ಪ್ರವಾಸಿಗರ ವರ್ಗೀಕರಣ

ಕಡಲತೀರಕ್ಕೆ ಹೋಗುವ ನಮ್ಮ ಭಾಗದವರನ್ನು ಐದು ವರ್ಗಗಳಲ್ಲಿ ವಿಂಗಡಿಸಬಹುದು. ಅ) ದೃಷ್ಟಿಗ್ರಾಹಿ: ನೀರು ಕಂಡ ಕೂಡಲೇ ಫೋನ್ ತೆಗೆಯುವವರು. ಆ) ಪಾದಸ್ಪರ್ಶಿ: ಪ್ಯಾಂಟು ಮೊಳಕಾಲಿಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ಮೊದಲ ತೆರೆಗೇ ಹಿಂದೆ ಓಡುವವರು. ಇ) ತೀರ್ಥಮುಖಿ: ಉಪ್ಪುನೀರನ್ನು ತಲೆಗೆ ಚಿಮುಕಿಸಿಕೊಂಡು ಬಾಟಲಿಗೂ ತುಂಬಿಕೊಳ್ಳುವವರು. ಈ) ತುಲನಾತ್ಮಕ: “ಇದಕ್ಕಿಂತ ನಮ್ಮ ಭೀಮಾ ಹೊಳಿ ಪೂರ ಬಂದಾಗ ನೋಡಬೇಕ್ರಿ” ಎನ್ನುವವರು. ಉ)

ಉ ಬರೆಯಲು ಕೂತಾಗ ಈ ಆಟ ಸಾಕೆನಿಸಿತು. ಯಾಕೆಂದರೆ ನಮ್ಮ ಕಡೆಯಿಂದ ಕಡಲಿಗೆ ಹೋಗುವವರಲ್ಲಿ ಬಹಳ ಮಂದಿ ಈ ಯಾವ ಅಕ್ಷರದೊಳಗೂ ಇಲ್ಲ. ಕಮಲಾಪುರ, ಚಿಂಚೋಳಿ ಸುತ್ತಿನ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಹೊರಡುವ ಬಸ್ಸುಗಳಲ್ಲಿ ನೋಡಿ. ಮುಂಬೈ, ಪುಣೆ, ಗೋವಾ. ಕಿಟಕಿ ಸೀಟಿಗೆ ಜಗಳವಿಲ್ಲ, ಹಾಸಿಗೆ ಗಂಟು, ಪಾತ್ರೆ, ಮಕ್ಕಳು, ಎಲ್ಲ ಕಾಲಡಿ. ಅವರಿಗೆ ಋತುನಿರ್ಣಯದ ತಾಪತ್ರಯವಿಲ್ಲ, ಅದನ್ನು ಸಾಲ ನಿರ್ಣಯಿಸಿರುತ್ತದೆ. ಸಮುದ್ರ ಕಾಣುವ ಕಟ್ಟಡಗಳಿಗೆ ಕಾಂಕ್ರೀಟ್ ಹೊತ್ತು, ಫರಸಿ ಕೂರಿಸಿ, ಗಾಜು ಹಚ್ಚಿ, ಆಮೇಲೆ ಆ ಗಾಜಿನ ಹಿಂದೆ ನಿಲ್ಲಲು ಪರವಾನಗಿ ಇಲ್ಲದವರು. ಗೋವಾದ ಬೀಚುಗಳಲ್ಲಿ ಕನ್ನಡಿ ಕಸೂತಿಯ ಚೀಲ, ಮಣಿಸರ ಹೊತ್ತು ಮಾರುವ ಲಂಬಾಣಿ ಹೆಣ್ಣುಮಕ್ಕಳಷ್ಟು ಮರಳನ್ನು ಯಾವ ಪ್ರವಾಸಿಯೂ ತುಳಿದಿಲ್ಲ. ಅವರಿಗೆ ಸಂಕಿರಣದಲ್ಲಿ ಒಂದು ಹೆಸರಿತ್ತು, ‘ಪ್ರವಾಸಿ ಅನುಭವಕ್ಕೆ ಅಡಚಣೆ’. ಆಮೇಲೆ ಅಂಗೀಕರಿಸಿದ ನಿರ್ಣಯದಲ್ಲಿ ‘ಸ್ಥಳೀಯ ಕರಕುಶಲಕ್ಕೆ ಉತ್ತೇಜನ’ ಎಂದಿತ್ತು. ಎರಡೂ ಒಂದೇ ಬಾಯಿಂದ ಬಂದವು.

ಗೋವಾದಲ್ಲೇ, ವಾಸ್ಕೋದ ಬೈನಾ ಕಡಲತೀರದಲ್ಲಿ ತಲೆಮಾರು ಕಳೆದ ಉತ್ತರ ಕರ್ನಾಟಕದವರ ಮನೆಗಳನ್ನು 2004ರಲ್ಲಿ ಕೆಡವಿದರು, ಉಳಿದವುಗಳಲ್ಲಿ ಕೆಲವನ್ನು 2017ರಲ್ಲಿ. ಅಲ್ಲಿದ್ದವರು ವಿರಾಮಕ್ಕೆ ಹೋದವರಲ್ಲ, ಹಡಗುಕಟ್ಟೆಯಲ್ಲಿ, ಕಟ್ಟಡಗಳಲ್ಲಿ ದುಡಿಯಲು ಹೋದವರು. ನಾವು ಏಳು ದಿನಕ್ಕೆ ಹೋಗಿ ಬರಲು ಚೌಕಟ್ಟು, ಕೋಷ್ಟಕ, ಉಪಸಮಿತಿ ಮಾಡುತ್ತೇವೆ. ಒಂದು ಜನ್ಮಕ್ಕೆಂದು ಹೋದ ಅವರನ್ನು ಒಂದು ಬೆಳಗಿನಲ್ಲಿ ಜೆಸಿಬಿ ತಂದು ಎಬ್ಬಿಸಿದರು. ಇದನ್ನು ಯಾವ ಸಂಕಥನದೊಳಗೆ ಇಡುತ್ತೀರೋ ಇಡಿ.

ಕ್ಷೇತ್ರಕಾರ್ಯವೆಂದು ನಮ್ಮ ಹೊಲದ ಕೆಲಸಕ್ಕೆ ಬರುವ ತಾಂಡಾದ ಅಕ್ಕನೊಬ್ಬಳನ್ನು ಕೇಳಿದೆ. ಆಕೆ ಹರೆಯದಲ್ಲಿ ಬೀಚಿನ ಮೇಲೆ ಮಣಿ ಮಾರಿದವಳು.

“ಅಕ್ಕಾ, ಸಮುದ್ರದಾಗ ಕಾಲಿಟ್ಟಾಗ ಹ್ಯಾಂಗ ಅನಿಸ್ತು?”

“ನಾ ಎಲ್ಲಿ ಇಟ್ಟೀನ್ರಿ ಸರ? ಸಾಮಾನ ಯಾರ ಕೈಯಾಗ ಬಿಟ್ಟು ಇಳೀಲಿ?”

ಮುಂದಿನ ಪ್ರಶ್ನೆ ಪಟ್ಟಿಯಲ್ಲಿತ್ತು, ಕೇಳಲಿಲ್ಲ. ಆಕೆಯೇ ಕೇಳಿದಳು: “ನಿಮ್ಮ ಗಾಡಿ ವಾಸ್ಕೋದ ಕಡಿ ಹೋಗ್ತದೇನ್ರಿ? ನನ್ನ ಮಗ ಅಲ್ಲೇ ಗೌಂಡಿ ಕೆಲಸಕ್ಕ ಇದ್ದಾನ. ಒಂದ್ ಗಂಟು ರೊಟ್ಟಿ ಕೊಡ್ತಿದ್ದೆ.”

ನಮ್ಮ ಮಾರ್ಗ ಕಾರವಾರದಿಂದ ದಕ್ಷಿಣಕ್ಕೆ, ಗೋವಾ ಇರುವುದು ಉತ್ತರಕ್ಕೆ ಎಂದು ಹೇಳಿದೆ. ರೊಟ್ಟಿ ಅಲ್ಲಿ ಮೆತ್ತಗಾಗುತ್ತದೆ ಎಂದೂ ನನ್ನ ಸಿದ್ಧಾಂತವನ್ನು ಹೇಳಿದೆ.

“ಗೊತ್ತದರಿ. ಹಂಚಿನ ಮ್ಯಾಲ ಹಾಕಿದ್ರ ಮತ್ತ ಖಡಕ್ ಆಗ್ತಾವ. ಅಂವಗ ಗೊತ್ತದ.”

ಎರಡನೇ ದಿನದ ಮಿರ್ಜಾನ್ ಕೋಟೆ ಹೊಡೆದುಹಾಕಿ ಕೋಷ್ಟಕದಲ್ಲಿ ವಾಸ್ಕೋ ಎಂದು ಬರೆದಿದ್ದೇನೆ. ಗುಂಪಿನಲ್ಲಿ ಇದಕ್ಕೆ ಇನ್ನೂ ಯಾರೂ ಹೆಬ್ಬೆರಳು ಒತ್ತಿಲ್ಲ. ಕಾಕಾ ಮಾತ್ರ, ಗೋವಾದಲ್ಲಿ ಮೀನು ನಿಷೇಧ ಯಾವ ತಾರೀಖಿನಿಂದ ಎಂದು ಖಾಸಗಿಯಾಗಿ ಕೇಳಿದ್ದಾರೆ.